ಪಟ್ಟಿ ಮೂಡದ ಬಾವಿ

ಕೊರೋನಾ ಬಂದು ಹೋದ ಮೇಲೆ ಪಿಸಿಆರ್ ಎಂಬ ಮೂರಕ್ಷರ ಬೀಡಾ ಅಂಗಡಿಯವನ ಬಾಯಿಗೂ ಬಂದಿದೆ. ಮೂಗಿಗೆ ಕಡ್ಡಿ ಹಾಕಿಸಿಕೊಂಡು ಬಂದ ನೆರೆಮನೆಯವರು ಗೇಟಿನ ಹೊರಗೇ ನಿಂತು ಕೇಳುತ್ತಿದ್ದರು: 'ಅಕ್ಕೋರೆ, ನೆಗೆಟಿವ್ ಬಂತು ಅಂದ್ರೆ ಎಂತೂ ಇಲ್ಲ ಅಂತ್ಲೇ ಅಲ್ದಾ?' ನಾನು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಈ ಮುದುಕಿಗೆ ಸೊಕ್ಕು ಎಂದುಕೊಂಡಿರಬೇಕು. ಎಂದುಕೊಳ್ಳಲಿ.

ಈಗ ಲ್ಯಾಬಿಗೆ ಸೇರುವ ಹುಡುಗ-ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನನಗೆ ಯಾವಾಗ ಬಡ್ತಿ ಬಂತು, ಯಾರು ಶಾಲು ಹೊದಿಸಿದರು ಎಂಬುದನ್ನು ಬಿಟ್ಟುಬಿಡುತ್ತೇನೆ, ಅದರಿಂದ ನಿಮಗೆ ಮೂರು ಕಾಸಿನ ಉಪಯೋಗವಿಲ್ಲ. ನಾನು ಎಲ್ಲಿ ಎಡವಿದೆ ಎಂಬುದನ್ನು ಹೇಳುತ್ತೇನೆ. ಓದಿ ನಿಮಗೆ ಈ ಕೆಲಸದ ಮೇಲೆ ಬೇಸರ ಬಂದರೆ ನಾನು ಬೇಡವೆನ್ನುವುದಿಲ್ಲ.

ಎಂಬತ್ತರ ದಶಕದ ನಡುವಿನಲ್ಲಿ ನಾನು ಕಾರವಾರದ ಒಂದು ಲ್ಯಾಬಿಗೆ ಸಹಾಯಕಿಯಾಗಿ ಸೇರಿದೆ. ಸಮುದ್ರ ಮತ್ತು ಅಳಿವೆಯ ನೀರಿನ ಸೂಕ್ಷ್ಮಜೀವಿಗಳನ್ನು ನೋಡುವ ಲ್ಯಾಬು ಅದು. ನಮ್ಮ ಮನೆ ಅಂಕೋಲೆಯ ಕಡೆ, ಹೊಳೆ ಸಮುದ್ರ ಸೇರುವಲ್ಲಿನ ಒಂದು ಕೇರಿ. ಗಂಡಸರು ಬೋಟಿಗೆ ಹೋಗುವವರು, ಹೆಂಗಸರು ನೀರಿಳಿದಾಗ ಸೊಂಟದ ಮಟ್ಟ ಹೊಳೆಗಿಳಿದು ಕಾಲಿನಲ್ಲೇ ತಡಕಿ ಬೆಳಚು ಎತ್ತುವವರು. ಬೆಳಚು ಎಂದರೆ ಚಿಪ್ಪಿನೊಳಗಿನ ಮೀನು. ಅವ್ವಿ ಅದನ್ನೇ ಮಾರಿ ನನ್ನನ್ನು ಬಿಎಸ್ಸಿ ಮಾಡಿಸಿದಳು. ಆ ಕೇರಿಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲ ಹೆಣ್ಣು ನಾನು, ಮತ್ತು ಅದನ್ನು ಯಾರೂ ಮರೆಯದ ಹಾಗೆ ಅವ್ವಿ ನೋಡಿಕೊಂಡಿದ್ದಳು.

ನಮ್ಮ ಲ್ಯಾಬಿನ ಮುಖ್ಯಸ್ಥೆ ರೇವಣಕರ್ ಮೇಡಂ. ಕುಳ್ಳಗೆ, ತೆಳ್ಳಗೆ, ಮಾತು ಮಾತ್ರ ಸೂಜಿಮೆಣಸು. ಮೊದಲ ವರ್ಷವಿಡೀ ನನ್ನಿಂದ ಗಾಜು ತೊಳೆಸಿದರು. ಆಮೇಲೆ ತಟ್ಟೆಗಳಲ್ಲಿ ಅಗರಿನ ಗಟ್ಟಿ ಗಂಜಿ ಹೊಯ್ದು ಅದರ ಮೇಲೆ ಹೊಳೆನೀರು ಸವರಿ ಜೀವಿಗಳನ್ನು ಬೆಳೆಸುವುದನ್ನು ಕಲಿಸಿದರು. ಎರಡು ದಿನ, ಮೂರು ದಿನ ಕಾಯಬೇಕು. ಚುಕ್ಕೆ ಎಣಿಸಬೇಕು. ಆ ವಾಸನೆಗೆ ನನ್ನ ಸೀರೆಯನ್ನು ಹಾಸ್ಟೆಲಿನ ಹುಡುಗಿಯರು ಬೇರೆ ಹಗ್ಗದ ಮೇಲೆ ಒಣಗಿಸಲು ಹೇಳುತ್ತಿದ್ದರು.

ಹೊಳೆಯ ನೀರಿನಲ್ಲಿರುವ ಜೀವಿಗಳಲ್ಲಿ ನಮ್ಮ ತಟ್ಟೆಯ ಮೇಲೆ ಬೆಳೆಯುವವು ಬೆರಳೆಣಿಕೆ ಎಂದು ಮೇಡಂ ಹೇಳುತ್ತಿದ್ದರು. ಉಳಿದವು ಸತ್ತಿಲ್ಲ, ನಾವು ಬಡಿಸಿದ್ದು ಅವಕ್ಕೆ ಸೇರುವುದಿಲ್ಲ, ಅಷ್ಟೆ. ಹಾಗಾಗಿ ಜೀವಿಯನ್ನು ಊಟಕ್ಕೆ ಕರೆಯುವುದನ್ನು ಬಿಟ್ಟು ಅದರ ಜೀನನ್ನೇ ನೀರಿನಲ್ಲಿ ಹುಡುಕುವ ಹೊಸ ದಾರಿ ಬಂದಿದೆ ಎಂದು ಕೇಳಿ ಬಂದರು. ಯಾವುದೋ ಊರಿಗೆ ತರಬೇತಿಗೆ ಹೋಗಿ ಬಂದವರು ಕೈಚೀಲದಿಂದ ಬೆರಳುದ್ದದ ಒಂದು ಕೊಳವೆ ತೆಗೆದರು. ಅದರ ತಳದಲ್ಲಿ ಒಂದು ಹನಿ. ಅದೇ ಎಂಜೈಮು. ನಮಗೆ ಬೇಕಾದ ಜೀನಿನ ತುಂಡು ನೀರಿನಲ್ಲಿದ್ದರೆ ಇದು ಅದನ್ನು ಎರಡು ಮಾಡುತ್ತದೆ, ಎರಡನ್ನು ನಾಲ್ಕು ಮಾಡುತ್ತದೆ, ಮೂವತ್ತು ಸುತ್ತು ಮುಗಿಯುವಾಗ ಕಣ್ಣಿಗೆ ಕಾಣುವಷ್ಟು ಮಾಡುತ್ತದೆ ಎಂದರು. ಪಿಸಿಆರ್ ಎಂದರೆ ಇದೇ.

ಯಂತ್ರವಿರಲಿಲ್ಲ. ಮೂರು ನೀರಿನ ತೊಟ್ಟಿ ಇಟ್ಟುಕೊಂಡೆವು: ಒಂದು ಕುದಿಯುವುದಕ್ಕೆ ಸ್ವಲ್ಪ ಕಡಿಮೆ, ಒಂದು ಕೈ ಇಡಬಹುದಾದದ್ದಕ್ಕಿಂತ ಸ್ವಲ್ಪ ಹೆಚ್ಚು, ಇನ್ನೊಂದು ನಡುವಿನದು. ಕೊಳವೆಗಳನ್ನು ಥರ್ಮೋಕೋಲ್ ಚೂರಿಗೆ ಸಿಕ್ಕಿಸಿ ಒಂದರಿಂದ ಇನ್ನೊಂದಕ್ಕೆ ನಿಮಿಷ ನೋಡಿ ಎತ್ತಿ ಇಡುವುದು ನನ್ನ ಕೆಲಸ. ಎಷ್ಟನೇ ಸುತ್ತು ಎಂಬುದು ತಪ್ಪುತ್ತಿತ್ತು. ಕಡೆಗೆ ಮೂವತ್ತು ಹುಣಸೆಬೀಜ ಎಣಿಸಿಟ್ಟುಕೊಂಡು ಸುತ್ತಿಗೊಂದರಂತೆ ಒಂದು ಬಟ್ಟಲಿನಿಂದ ಇನ್ನೊಂದಕ್ಕೆ ಹಾಕತೊಡಗಿದೆ. ಹದಿನೇಳನೇ ಬೀಜಕ್ಕೆ ಕರೆಂಟು ಹೋಯಿತೆಂದರೆ ಅಷ್ಟೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಆಗಿನ ಸುಟ್ಟ ಕಲೆಗಳು ಬಲಗೈ ಮೇಲೆ ಇನ್ನೂ ಇವೆ.

ತೊಟ್ಟಿಯ ಬಿಸಿಯನ್ನು ತಡೆಯುವ ಎಂಜೈಮಾದರೂ ಬಳಸುವವರೆಗೆ ಅದನ್ನು ಸದಾ ತಣ್ಣಗಿಡಬೇಕು. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಐಸಿನ ಡಬ್ಬಿಯಲ್ಲಿ ಬರುತ್ತಿತ್ತು. ಒಮ್ಮೆ ಘಟ್ಟದಲ್ಲಿ ಲಾರಿ ಮಗುಚಿ ಬಸ್ಸು ಅರ್ಧ ದಿನ ನಿಂತಿತು. ಡಬ್ಬಿ ತೆರೆದಾಗ ಐಸು ನೀರಾಗಿ ಆ ನೀರೂ ಬೆಚ್ಚಗಾಗಿತ್ತು. ಒಂದು ವರ್ಷಕ್ಕಾಗುವಷ್ಟು ಎಂಜೈಮು, ಇನ್ನು ನಂಬುವಂತಿಲ್ಲ. ಮೇಡಂ ಅಂದು ಕುರ್ಚಿಯಲ್ಲಿ ಕೂತು ಮೌನವಾಗಿ ಅತ್ತದ್ದನ್ನು ನಾನು ನೋಡಿದೆ, ನೋಡದವಳ ಹಾಗೆ ಬಾಟಲಿ ತೊಳೆದೆ. ಆಮೇಲೆ ಕರೆಂಟು ಹೋದಾಗಲೆಲ್ಲ ಮೀನಿನ ಬಂದರಿನ ಐಸ್ ಕಾರ್ಖಾನೆಗೆ ಓಡಿ ಐಸು ತರುತ್ತಿದ್ದೆ. ಲ್ಯಾಬೆಲ್ಲ ಬಂಗಡೆ ವಾಸನೆ.

ಇನ್ನೊಂದು ಎಡವಟ್ಟು ಕೇಳಿ. ನಮ್ಮಲ್ಲಿ ಪ್ರತಿಸಲವೂ ಒಂದು ಕೊಳವೆಗೆ ಬರೀ ಶುದ್ಧ ನೀರು ಹಾಕಿ ಇಡುತ್ತಿದ್ದೆವು. ಅದರಲ್ಲಿ ಏನೂ ಬರಬಾರದು. ಕೊನೆಯಲ್ಲಿ ಎಲ್ಲವನ್ನೂ ಜೆಲ್ಲು ಎಂಬ ಲೋಳೆ ಹಲಗೆಯಲ್ಲಿ ಕರೆಂಟಿನಿಂದ ಓಡಿಸಿ ನೇರಳೆ ಬೆಳಕಿನಲ್ಲಿ ನೋಡಿದರೆ, ಜೀನು ಇರುವಲ್ಲಿ ಸಣ್ಣ ಹೊಳೆಯುವ ಪಟ್ಟಿ ಮೂಡುತ್ತದೆ. ಒಂದು ದಿನ ಶುದ್ಧ ನೀರಿನಲ್ಲೂ ಪಟ್ಟಿ ಬಂತು. ಮರುದಿನವೂ ಬಂತು. ತಿಂಗಳುಗಟ್ಟಲೆ ಬಂತು. ತಪ್ಪು ನನ್ನದೇ. ಮುಗಿದ ಕೊಳವೆಗಳನ್ನು ನಾನು ಅದೇ ಮೇಜಿನ ಮೇಲೆ ತೆರೆಯುತ್ತಿದ್ದೆ, ಕಣ್ಣಿಗೆ ಕಾಣದ ಹನಿ ಸಿಡಿದು ಎಲ್ಲ ಕಡೆ ಹತ್ತಿಕೊಂಡಿತ್ತು. ಮೇಡಂ ನನಗೆ ಕೊಟ್ಟ ಬೈಗುಳವನ್ನು ಇಲ್ಲಿ ಬರೆಯುವಂತಿಲ್ಲ, ಅರ್ಧ ಕೊಂಕಣಿಯಲ್ಲಿತ್ತು. ಆದರೆ ಅಂದಿನಿಂದ ನಮಗೊಂದು ಭಯ ಹಿಡಿಯಿತು: ಇದು ಇಲ್ಲದ್ದನ್ನು ಇದೆ ಎನ್ನುತ್ತದೆ ಎಂಬ ಭಯ. ಆ ಕಡೆಯ ಬಾಗಿಲಿಗೇ ಕಾವಲು ಕೂತೆವು. ಇದ್ದದ್ದನ್ನು ಇಲ್ಲ ಎಂದೂ ಹೇಳಬಹುದು ಎಂಬುದು ತಲೆಗೇ ಹೊಳೆಯಲಿಲ್ಲ.

ತೊಂಬತ್ತರ ದಶಕ ಅರ್ಧ ಕಳೆದಾಗ ಯಂತ್ರ ಬಂತು. ಗುಂಡಿ ಒತ್ತಿದರೆ ತಾನೇ ಬಿಸಿಯಾಗಿ ತಾನೇ ತಣಿಯುವ ಪೆಟ್ಟಿಗೆ. ನಾನು ಅದಕ್ಕೆ ಕುಂಕುಮ ಹಚ್ಚಿದೆ. ಆಗ ನಾವು ಹುಡುಕುತ್ತಿದ್ದದ್ದು ವಾಂತಿಭೇದಿಯ ಕಾಲರಾ ಜೀವಿಯ ವಿಷ ತಯಾರಿಸುವ ಜೀನನ್ನು. ಮಳೆಗಾಲದಲ್ಲಿ ಕಾಣಿಸಿಕೊಳ್ಳುವ ಅದು ಉಳಿದ ತಿಂಗಳು ಅಳಿವೆಯ ಕೆಸರಿನಲ್ಲಿ ಎಲ್ಲಿ ಅಡಗಿರುತ್ತದೆ ಎಂಬುದು ಮೇಡಂ ಹಟ ಹಿಡಿದ ಪ್ರಶ್ನೆ. ನನಗೂ ಅದು ತಲೆಗೇರಿತ್ತು. ಅಗರಿನ ತಟ್ಟೆಗಳನ್ನು ಕಂಡರೆ ಮೂಗು ಮುರಿಯುವಷ್ಟು ದೊಡ್ಡವಳಾಗಿದ್ದೆ.

ಇನ್ನು ಬಾವಿಯ ವಿಷಯ.

ನಮ್ಮ ಕೇರಿಯ ಬಾವಿ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ಅಂಚಿನಲ್ಲಿದೆ. ನಾನು ಹೇಳುವ ವರ್ಷದ ಹಿಂದಿನ ಮಳೆಗಾಲದಲ್ಲಿ ಕೇರಿಯಲ್ಲಿ ವಾಂತಿಭೇದಿ ಎದ್ದಿತ್ತು. ಯಾರೂ ಸಾಯಲಿಲ್ಲ. ನರ್ಸಮ್ಮ ಬಂದು, ಗೊತ್ತಾಗುವವರೆಗೆ ಈ ನೀರು ಕುಡಿಯಬೇಡಿ ಎಂದು ಹೇಳಿ ಹೋದಳು. ಗೊತ್ತುಮಾಡುವವರು ಯಾರೂ ಬರಲಿಲ್ಲ. ಅಂದಿನಿಂದ ಕೇರಿಯ ಹೆಂಗಸರು ರಸ್ತೆಯಾಚೆಯ ದೊಡ್ಡ ತೆಂಗಿನ ಹಿತ್ತಲಿನ ಬಾವಿಗೆ ಹೋಗಬೇಕಾಯಿತು. ಅಲ್ಲಿ ಇವರು ಹಗ್ಗ ಮುಟ್ಟುವಂತಿಲ್ಲ. ಆ ಮನೆಯವರು ಯಾರಾದರೂ ಪುರಸೊತ್ತಾದಾಗ ಬಂದು ಮೇಲಿನಿಂದ ಕೊಡಕ್ಕೆ ಹೊಯ್ಯುತ್ತಿದ್ದರು. ಅವ್ವಿ ಆ ಬಿಸಿಲಿನಲ್ಲಿ ಖಾಲಿ ಕೊಡ ಹಿಡಿದು ನಿಲ್ಲುತ್ತಿದ್ದಳು. ಇಡೀ ಜನ್ಮ ಯಾರ ಮುಂದೆಯೂ ಕೈ ಚಾಚದ ಹೆಂಗಸು.

ಮೇ ತಿಂಗಳಲ್ಲಿ ನಾನು ಮನೆಗೆ ಹೋದಾಗ ನನ್ನ ಅಣ್ಣನ ಹೆಂಡತಿ ಹೊನ್ನತ್ತಿಗೆ ಈ ಮಾತೆತ್ತಿದಳು. ಅಣ್ಣ ಗೋವೆಯ ಬೋಟಿನಲ್ಲಿ, ಮನೆ ನಡೆಸುವವಳು ಅವಳೇ. ಅಂದು ಹಿತ್ತಲಿನ ಮನೆಯವರು ಅವ್ವಿಗೆ ಏನೋ ಅಂದಿದ್ದರಂತೆ. ಏನು ಎಂದು ಇಬ್ಬರೂ ಬಾಯಿ ಬಿಡಲಿಲ್ಲ. ನಿನ್ನ ಲ್ಯಾಬಿನಲ್ಲಿ ಇಡೀ ಸಮುದ್ರ ಅಳೆಯುತ್ತೀರಿ, ನಮ್ಮ ಒಂದು ಬಾವಿ ನೋಡಲಿಕ್ಕೆ ಆಗುವುದಿಲ್ಲವೇ ಎಂದಳು ಅತ್ತಿಗೆ. ಅವ್ವಿ ನನ್ನ ಮುಖ ನೋಡುತ್ತಿದ್ದಳು.

ಮೊದಲ ಮಳೆ ಬಿದ್ದ ವಾರ ನಾನೇ ಹೋಗಿ ಬಾವಿಯ ನೀರು ತಂದೆ. ಹಾಲಿಲ್ಲದ ತೆಳು ಚಹಾದ ಬಣ್ಣ. ಕಾಂಡ್ಲಾ ಎಲೆ ಕೊಳೆತ ರಸ ಇಳಿದಿತ್ತು, ನಮ್ಮ ಕಡೆ ಅದು ಹೊಸತಲ್ಲ, ಮಳೆಗಾಲದಲ್ಲಿ ಆ ಬಾವಿ ಯಾವಾಗಲೂ ಹಾಗೇ. ಮೇಡಂಗೆ ಹೇಳಿದೆ. ಅವರು ನಮ್ಮ ಮಾದರಿಗಳ ಲೆಕ್ಕದಲ್ಲಿ ಅದನ್ನೂ ಸೇರಿಸಿಕೊಂಡರು, ಮಾದರಿ ಆರು. 'ಹಳೇ ಪದ್ಧತಿಯಲ್ಲೂ ಒಂದು ತಟ್ಟೆ ಇಡು,' ಎಂದರು. ಹೂಂ ಎಂದೆ. ಇಡಲಿಲ್ಲ. ಅಗರು ಮುಗಿದಿತ್ತು ಎಂದು ಆಮೇಲೆ ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅಗರು ಮುಗಿದಿರಲಿಲ್ಲ. ಕಪಾಟಿನ ಎರಡನೇ ಅಂತಸ್ತಿನಲ್ಲಿತ್ತು.

ನೀರು ಸೋಸಿ, ಜೀನು ಬಿಡಿಸಿ, ಯಂತ್ರಕ್ಕೆ ಹಾಕಿದೆ. ಜೆಲ್ಲು ಬಂಗಾರದಂಥದು ಬಂತು. ಕಾಲರಾ ಜೀವಿಯದೇ ಜೀನು ಹಾಕಿದ್ದ ಕೊಳವೆಯಲ್ಲಿ ದಪ್ಪ ಪಟ್ಟಿ. ಶುದ್ಧ ನೀರಿನಲ್ಲಿ ಏನಿಲ್ಲ. ಮಾದರಿ ಆರರಲ್ಲೂ ಏನಿಲ್ಲ. ಎರಡು ಸಲ ಮಾಡಿದೆ, ಎರಡು ಸಲವೂ ಕಪ್ಪು. ಮೇಡಂ ಫೋಟೋ ನೋಡಿ, ನೋಟ್‌ಬುಕ್ಕಿನಲ್ಲಿ 'ಕಾಣಲಿಲ್ಲ' ಎಂದು ಬರಿ, 'ಇಲ್ಲ' ಎಂದು ಬರೆಯಬೇಡ ಎಂದರು. ಅದನ್ನು ಅವರು ಎಲ್ಲರಿಗೂ ಹೇಳುತ್ತಿದ್ದರು. ಹಾಗೇ ಬರೆದೆ. ನೋಟ್‌ಬುಕ್ಕಿನಲ್ಲಿ ನನ್ನ ಅಕ್ಷರ ಇವತ್ತಿಗೂ ಸರಿಯಾಗಿದೆ.

ಭಾನುವಾರ ಬಸ್ಸು ಹತ್ತಿ ಊರಿಗೆ ಹೋದೆ. ಬಿಣಗಾ ದಾಟಿತು, ತೋಡೂರು ದಾಟಿತು, ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ. ಕೇರಿಯ ಹೆಂಗಸರೆಲ್ಲ ನಮ್ಮ ಅಂಗಳದಲ್ಲಿ ಸೇರಿದ್ದರು. ಎಂತಾಯ್ತು ಎಂದು ಕೇಳಿದರು. ಅಲ್ಲಿ ನಿಂತು ನಾನು 'ಕಾಣಲಿಲ್ಲ' ಎಂದರೆ, ಇಷ್ಟು ಓದಿದವಳಿಗೂ ಕಾಣಲಿಲ್ಲವೇ, ಮತ್ತೆ ಯಾರಿಗೆ ಕಾಣುತ್ತದೆ ಎನ್ನುತ್ತಿದ್ದರು. ನಮ್ಮಲ್ಲಿ ಕಾಣಲಿಲ್ಲ ಎಂದರೆ ಹುಡುಕಿದವಳ ಕಣ್ಣಿನ ತಪ್ಪು. ನನಗೆ ಆ ತಪ್ಪು ಹೊರುವ ಮನಸ್ಸಾಗಲಿಲ್ಲ. 'ಎಂತೂ ಇಲ್ಲ,' ಎಂದೆ. 'ಬಾವಿ ಚೊಕ್ಕ ಅದೆ.'

ಅವ್ವಿ ಎದ್ದು ಹೋಗಿ ಮುಚ್ಚಿದ ಹಲಗೆ ಸರಿಸಿ ತಾನೇ ಒಂದು ಕೊಡ ಎತ್ತಿದಳು. ಎಲ್ಲರೆದುರು ಬೊಗಸೆಯಲ್ಲಿ ಹಿಡಿದು ಕುಡಿದಳು.

'ನನ್ ಮಗಳು ಹೇಳೀದು,' ಎಂದಳು. 'ಇನ್ನು ಯಾರ ಕೈ ನೋಡೂದೂ ಬ್ಯಾಡ.'

ಉಳಿದವರೂ ಬೊಗಸೆ ಒಡ್ಡಿದರು. ಯಾರೋ ನಕ್ಕರು, ಯಾರೋ ನನ್ನ ಕೆನ್ನೆ ಸವರಿ ದೃಷ್ಟಿ ತೆಗೆದರು. ನನ್ನ ಕೆಲಸದ ಜೀವನದಲ್ಲಿ ಅಷ್ಟು ಹೆಮ್ಮೆ ನನಗೆ ಮತ್ತೆಂದೂ ಆಗಿಲ್ಲ.

ಹತ್ತು ದಿನವೂ ಆಗಿರಲಿಲ್ಲ, ಆಫೀಸಿನ ಫೋನಿಗೆ ಸುದ್ದಿ ಬಂತು. ನಾನು ಅಂಕೋಲೆಯ ಆಸ್ಪತ್ರೆ ತಲುಪುವಾಗ ಮಧ್ಯಾಹ್ನ. ಹಿಂದಿನ ದಿನವೇ ಶುರುವಾಗಿದ್ದ ವಾಂತಿಭೇದಿಯನ್ನು ಅವ್ವಿ ಯಾರಿಗೂ ಹೇಳದೆ ಬೆಳಚಿಗೆ ಹೋಗಿದ್ದಳಂತೆ. ಕಣ್ಣು ಗುಳಿ ಬಿದ್ದಿತ್ತು. ಬೆರಳುಗಳು ಇಡೀ ದಿನ ಹೊಳೆಯಲ್ಲಿ ನಿಂತು ಬಂದಾಗಿನ ಹಾಗೆ ಸುಕ್ಕುಗಟ್ಟಿದ್ದವು. ಮೊದಲಿಗೆ ಅದು ಹೊಳೆನೀರಿನ ಸುಕ್ಕೇ ಎಂದುಕೊಂಡೆ. ಸಲೈನಿಗೆ ನರ ಸಿಗುತ್ತಿರಲಿಲ್ಲ. ಸಂಜೆಯ ಚಹಾದ ಹೊತ್ತಿಗೆ ಅವ್ವಿ ಹೋದಳು. ಕೇರಿಯ ಇನ್ನೆರಡು ಮನೆಯವರು ಅದೇ ವಾರ್ಡಿನಲ್ಲಿದ್ದರು, ಅವರು ಬದುಕಿದರು.

ಕಾರ್ಯ ಮುಗಿಸಿ ನಾನು ಲ್ಯಾಬಿಗೆ ಮರಳುವಾಗ ಮೇಡಂ ಬಾವಿಯ ನೀರು ತರಿಸಿ ಹಳೇ ಪದ್ಧತಿಯಲ್ಲಿ ತಟ್ಟೆ ಇಟ್ಟಿದ್ದರು. ಹಸಿರು ಅಗರಿನ ತಟ್ಟೆಯ ಮೇಲೆ ಕಾಲರಾ ಜೀವಿಯ ಹಳದಿ ಚುಕ್ಕೆಗಳು, ಅಕ್ಕಿ ಚೆಲ್ಲಿದ ಹಾಗೆ. ಎರಡೇ ದಿನದಲ್ಲಿ. ನಾನು ಫ್ರೀಜರಿನಿಂದ ನನ್ನ ಹಳೆಯ ಮಾದರಿ ಆರನ್ನು ತೆಗೆದೆ. ಅವ್ವಿ ಕುಡಿಯುವ ಮೊದಲು ತಂದಿದ್ದ ನೀರಿನಿಂದ ಬಿಡಿಸಿಟ್ಟದ್ದು. ಅದರ ಒಂದು ಪಾಲಿಗೆ ಬೇಕೆಂದೇ ಕಾಲರಾ ಜೀವಿಯ ಜೀನನ್ನು ಬೆರೆಸಿ ಯಂತ್ರಕ್ಕೆ ಹಾಕಿದೆ. ಪಟ್ಟಿ ಮೂಡಲೇಬೇಕು. ಮೂಡಲಿಲ್ಲ. ಕೈಯಾರೆ ಹಾಕಿದ್ದೂ ಕಾಣಲಿಲ್ಲ. ಆ ಎಲೆಯ ಕಂದು ರಸ ಎಂಜೈಮಿನ ಕೈಕಾಲು ಕಟ್ಟಿಹಾಕುತ್ತಿತ್ತು. ಉಳಿದ ಪಾಲಿಗೆ ಏನನ್ನೂ ಬೆರೆಸದೆ ಹತ್ತು ಪಟ್ಟು ಶುದ್ಧ ನೀರು ಹೊಯ್ದು ತೆಳು ಮಾಡಿ ಮತ್ತೆ ಹಾಕಿದೆ. ರಸ ತೆಳುವಾಯಿತು, ಎಂಜೈಮು ಎದ್ದಿತು. ನೇರಳೆ ಬೆಳಕಿನಲ್ಲಿ ಆರನೇ ಸಾಲಿನಲ್ಲಿ ಪಟ್ಟಿ ಬೆಳ್ಳಗೆ ಕೂತಿತ್ತು. ಇದ್ದಿತು. ನಾನು ಇಲ್ಲ ಎಂದ ದಿನವೂ ಅದು ಅಲ್ಲೇ ಇತ್ತು.

ಮೇಡಂ ನನ್ನ ಹಿಂದೆ ನಿಂತು ನೋಡಿದರು. ಆಮೇಲೆ ಮೆಲ್ಲಗೆ, 'ಇದು ಒಂದು ಪೇಪರ್ ಆಗ್ತದೆ, ಶಾರದಾ,' ಎಂದರು. ಆ ಕ್ಷಣ ಅವರ ಮುಖಕ್ಕೆ ಆ ಜೆಲ್ಲನ್ನೇ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ಕೆಟ್ಟ ಹೆಂಗಸಲ್ಲ, ನನ್ನನ್ನು ಸಮಾಧಾನ ಮಾಡಲು ಅವರಿಗೆ ಗೊತ್ತಿದ್ದ ದಾರಿ ಅದೊಂದೇ ಇರಬಹುದು. ಪೇಪರು ಆಯಿತು. ಬಣ್ಣವಿರುವ ನೀರನ್ನು ತೆಳು ಮಾಡಿಯೂ ನೋಡಬೇಕು, ಗೊತ್ತಿರುವ ಜೀನು ಬೆರೆಸಿ ಯಂತ್ರಕ್ಕೆ ಕಣ್ಣಿದೆಯೇ ಎಂದು ಮೊದಲು ಪರೀಕ್ಷಿಸಬೇಕು ಎಂದು ಅದರಲ್ಲಿ ಬರೆದರು. ಕೊನೆಯಲ್ಲಿ ನನಗೆ ಕೃತಜ್ಞತೆ. ಅವ್ವಿ ಅದರಲ್ಲಿ ಎಲ್ಲಿಯೂ ಇಲ್ಲ, ಮಾದರಿ ಆರು ಇದೆ. ನೀವು ಇಂದು ಈ ಎಚ್ಚರಿಕೆಯನ್ನು ಮೊದಲ ವಾರದಲ್ಲೇ ಬಾಯಿಪಾಠ ಮಾಡುತ್ತೀರಿ. ಮಾಡಿ. ಯಾರೋ ಕುಡಿದು ನೋಡಿದ ಮೇಲೆ ಬರೆದ ಪಾಠ ಅದು.

ಪೇಪರಿಗೆ ಮುಂಚೆ ನಾನು ಊರಿಗೆ ಹೋಗಲೇಬೇಕಿತ್ತು. ಏಕೆಂದರೆ ಕೇರಿಯವರು ಇನ್ನೂ ಅದೇ ನೀರು ಕುಡಿಯುತ್ತಿದ್ದರು. ಅವ್ವಿ ಸತ್ತದ್ದಕ್ಕೆ ಅವರಲ್ಲಿ ನೂರೆಂಟು ಕಾರಣವಿತ್ತು: ಆಚೆ ದಡದ ಬೆಳಚು, ಮಗುವಿಗೆ ತೊಟ್ಟಿಲು ಹಾಕಿದ ಮನೆಯಲ್ಲಿ ತಿಂದ ಪಾಯಸ, ವಯಸ್ಸು. ಬಾವಿಯ ಹೆಸರನ್ನು ಯಾರೂ ಎತ್ತಲಿಲ್ಲ. ಬಾವಿಯನ್ನು ಶಾರೂ ನೋಡಿದ್ದಾಳಲ್ಲ. ನರ್ಸಮ್ಮ ಬಂದು ಹೇಳಿದಾಗಲೂ ಅವಳಿಗೆ ಇದೇ ಉತ್ತರ ಕೊಟ್ಟು ಕಳಿಸಿದ್ದರು.

ಅಂಗಳದಲ್ಲಿ ನಿಂತು ಎಲ್ಲ ಹೇಳಿದೆ. ನಾನು ಹೇಳಿದ್ದು ತಪ್ಪು, ಬಾವಿಯಲ್ಲಿ ಅದು ಇದೆ, ಕುಡಿಯಬೇಡಿ. ಎಲೆಯ ರಸ, ಎಂಜೈಮು, ತೆಳು ಮಾಡುವುದು ಎಲ್ಲವನ್ನೂ ಬಿಡಿಸಿ ಹೇಳಿದೆ. ಹೆಂಗಸರು ಮುಖ ಮುಖ ನೋಡಿಕೊಂಡರು. ಅವ್ವಿಯ ವಾರಿಗೆಯ ಒಬ್ಬಳು ನನ್ನ ತಲೆ ನೇವರಿಸಿ, ತಾಯಿ ಹೋದ ದುಃಖಕ್ಕೆ ಹುಡುಗಿಗೆ ಹೀಗಾಗಿದೆ ಎಂದಳು. ಇನ್ನೊಬ್ಬಳು ಅಷ್ಟು ಮೆತ್ತಗೆ ಹೇಳಲಿಲ್ಲ:

'ನೀರು ಜಾಸ್ತಿ ಹೊಯ್ದ್ರೆ ಕಾಣ್ತದೆ, ಹೊಯ್ಯದಿದ್ರೆ ಕಾಣೂದಿಲ್ಲ. ಇದೆಂಥಾ ಮಿಷನ್ನೆ ನಿಂದು? ಮೊನ್ನೆ ಇಲ್ಲ ಅಂದೆ, ಇವತ್ತು ಅದೆ ಅಂತೀ. ಮತ್ತೆ ಆ ಹಿತ್ಲಿಗೆ ಹೋಗಿ ನಿಲ್ಲೂಕೆ ನಮ್ಗೆ ಆಗೂದಿಲ್ಲ.'

ಕೊಡ ಎತ್ತಿಕೊಂಡು ಬಾವಿಯ ಕಡೆ ಹೋದರು. ಹತ್ತು ವರ್ಷ ಕಲಿತದ್ದೆಲ್ಲ ಆ ಅಂಗಳದಲ್ಲಿ ಬಿಡಿಗಾಸಿಗೂ ಬೇಡವಾಯಿತು, ಮತ್ತು ತಪ್ಪು ಅವರದಲ್ಲ.

ಹೊನ್ನತ್ತಿಗೆ ಇಷ್ಟು ಹೊತ್ತು ಬಾಗಿಲಲ್ಲಿ ನಿಂತಿದ್ದವಳು ಒಳಗೆ ಹೋಗಿ, ಬಂದವರಿಗೆ ಇಡುವ ಹಾಗೆ ಒಂದು ಚೊಂಬು ನೀರು, ಒಂದು ತುಂಡು ಬೆಲ್ಲ ತಂದು ನನ್ನ ಮುಂದಿಟ್ಟಳು.

'ಕುಡಿ ತಂಗೀ. ಬಿಸ್ಲಲ್ಲಿ ಬಂದೆ.'

ನೀರಿನ ತಳದಲ್ಲಿ ಆ ಕಂದು ಬಣ್ಣ. ಬೆಲ್ಲ ಬಾಯಿಗೆ ಹಾಕಿಕೊಂಡೆ. ಚೊಂಬು ಮುಟ್ಟಲಿಲ್ಲ. ಅತ್ತಿಗೆ ನನ್ನೆದುರೇ ಕೂತು ನೋಡುತ್ತಿದ್ದಳು. ಸಿಟ್ಟಿರಲಿಲ್ಲ ಅವಳ ಮುಖದಲ್ಲಿ, ಲೆಕ್ಕ ಹಾಕುವವಳ ಹಾಗಿತ್ತು.

'ಆ ದಿವ್ಸ ಅವ್ವಿ ಕುಡೀವಾಗ ನೀನೂ ಇಲ್ಲೇ ನಿಂತಿದ್ದೆ,' ಎಂದಳು. 'ನೀ ಕುಡ್ದ್ಯಾ?'

ಕುಡಿದಿರಲಿಲ್ಲ. ಎಲ್ಲರೂ ಬೊಗಸೆ ಒಡ್ಡಿದಾಗ ನಾನು ಬಸ್ಸಿಗೆ ತಡವಾಗುತ್ತದೆ ಎಂದಿದ್ದೆ. ನನ್ನ ಚೀಲದಲ್ಲಿ ಕಾರವಾರದಿಂದ ತಂದ, ಕಾಯಿಸಿ ಆರಿಸಿದ ನೀರಿನ ಬಾಟಲಿ ಇತ್ತು. ಲ್ಯಾಬಿಗೆ ಸೇರಿದ ಮೇಲೆ ನಾನು ಎಲ್ಲಿಯೂ ಹೊರಗಿನ ನೀರು ಮುಟ್ಟುತ್ತಿರಲಿಲ್ಲ. ಯೋಚಿಸಿ ಮಾಡಿದ್ದಲ್ಲ, ರೂಢಿ. ಬಸ್ಸು ಹತ್ತಿ ಕೂತ ಮೇಲೆ ಅದನ್ನೇ ಗಟಗಟ ಕುಡಿದಿದ್ದೆ. ಹೊನ್ನತ್ತಿಗೆ ಕೇಳುವ ತನಕ ಆ ಬಾಟಲಿ ನನಗೆ ನೆನಪೇ ಇರಲಿಲ್ಲ.

ಇಲ್ಲವೆಂದು ತಲೆ ಅಲ್ಲಾಡಿಸಿದೆ.

ಅವಳು ಚೊಂಬು ಎತ್ತಿಕೊಂಡು ಬಾವಿಕಟ್ಟೆಗೆ ಹೋದಳು. ಅಲ್ಲಿದ್ದ ಹೆಂಗಸರಿಗೆ, ದನಿ ಏರಿಸದೆ, 'ಅವಳು ಕುಡ್ಯೂದಿಲ್ಲ,' ಎಂದಳು. 'ಅವತ್ತೂ ಕುಡೀಲಿಲ್ಲ.'

ನಾನು ಅಂಗಳದಿಂದಲೇ ನೋಡಿದೆ. ಅವರು ಒಬ್ಬೊಬ್ಬರಾಗಿ ತುಂಬಿದ ಕೊಡಗಳನ್ನು ಅಲ್ಲೇ ನೆಲಕ್ಕೆ ಬಗ್ಗಿಸಿ, ಖಾಲಿ ಕೊಡ ಸೊಂಟಕ್ಕಿಟ್ಟುಕೊಂಡು, ನನ್ನ ಕಡೆ ತಿರುಗಿಯೂ ನೋಡದೆ ರಸ್ತೆಯಾಚೆಯ ಹಿತ್ತಲಿನ ಕಡೆ ನಡೆದರು.